ದಾರಿ ತಪ್ಪಿದ ಸೂಜಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಿಗಾದರೂ ತೀರ ಹದಗೆಟ್ಟರೆ ಬೆಳಗಾವಿಗೆ ಒಯ್ಯುತ್ತಾರೆ, ಇಲ್ಲವೇ ಮೀರಜ್‌ಗೋ ಕೊಲ್ಹಾಪುರಕ್ಕೋ. ಎರಡು ದಿನ ಕಳೆದ ಮೇಲೆ ಊರಿಗೆ ಸುದ್ದಿ ಮುಟ್ಟುತ್ತದೆ: ‘ಕಿಡ್ನಿ ಕೆಲಸ ಮಾಡವಲ್ಲವಂತ, ರಕ್ತ ಸೋಸೂ ಮಷೀನ್ ಹಚ್ಯಾರಂತ.’ ಕೇಳಿದವರಲ್ಲಿ ಕೆಲವರು ಇನ್ನು ಆಸೆ ಇಲ್ಲ ಎಂದುಕೊಳ್ಳುತ್ತಾರೆ. ಉಳಿದವರು ಮಷೀನು ಮೈಯೊಳಗಿನ ನಂಜನ್ನೆಲ್ಲ ತೊಳೆದು ಹಾಕುತ್ತದೆ ಎಂದು ನಂಬುತ್ತಾರೆ. ಎರಡೂ ಸರಿಯಲ್ಲ. ಆ ಯಂತ್ರ ಹುಟ್ಟಿದ್ದು ಒಂದು ಕತೆ. ಅದರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಗೊತ್ತಾದದ್ದು ಇನ್ನೊಂದು ಕತೆ. ಎರಡನೆಯದಕ್ಕೆ ಹೆಚ್ಚು ವರ್ಷ ಹಿಡಿಯಿತು, ಹೆಚ್ಚು ದುಡ್ಡೂ ಹೋಯಿತು.

ಮೊದಲು ಹಳೆಯ ಮಾತು. ಪೊರೆಯೊಂದರ ಮೂಲಕ ಸಣ್ಣ ಕಣಗಳು ಹಾಯುತ್ತವೆ, ದೊಡ್ಡವು ಈಚೆಯೇ ಉಳಿಯುತ್ತವೆ ಎಂಬುದನ್ನು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಮ್ 1861ರಲ್ಲಿ ತೋರಿಸಿ, ಅದಕ್ಕೆ ಡಯಾಲಿಸಿಸ್ ಎಂಬ ಹೆಸರು ಕೊಟ್ಟಿದ್ದ. 1913ರಲ್ಲಿ ಅಮೆರಿಕದ ಜಾನ್ ಏಬಲ್ ನಾಯಿಗಳ ರಕ್ತವನ್ನು ಮೈಹೊರಗಿನ ನಳಿಗೆಗಳಲ್ಲಿ ಹರಿಸಿ ಸೋಸಿದ. ರಕ್ತ ಹೆಪ್ಪುಗಟ್ಟದಿರಲೆಂದು ಅವನು ಬಳಸಿದ್ದು ಜಿಗಣೆಯಿಂದ ತೆಗೆದ ರಸವನ್ನು. 1924ರಲ್ಲಿ ಜರ್ಮನಿಯ ಗೀಸೆನ್ ಊರಿನ ಗೇಯೋರ್ಗ್ ಹಾಸ್ ಇದನ್ನು ಮನುಷ್ಯರ ಮೇಲೆ ಮಾಡಿ ನೋಡಿದ. ಹದಿನೈದು ನಿಮಿಷ ನಡೆಯಿತು. ರೋಗಿಗೆ ಅಪಾಯವೂ ಆಗಲಿಲ್ಲ, ಉಪಯೋಗವೂ ಆಗಲಿಲ್ಲ.

ಉಪಯೋಗದ ದಾರಿ ತೆರೆದದ್ದು ಎರಡನೆಯ ಮಹಾಯುದ್ಧದ ನಡುವೆ. ಡಚ್ ವೈದ್ಯ ವಿಲೆಮ್ ಕೋಲ್ಫ್ ಇದ್ದದ್ದು ಕಾಂಪೆನ್ ಎಂಬ ಚಿಕ್ಕ ಊರಿನಲ್ಲಿ. ನಾಜಿಗಳ ಆಡಳಿತ, ಯಾವ ಸಾಮಾನೂ ಸಿಗದ ಕಾಲ. ಮಾಂಸ ತುಂಬಿ ಸಾಸೇಜ್ ಮಾಡಲು ಬಳಸುವ ಸೆಲೋಫೇನ್ ನಳಿಗೆಯನ್ನು ಆತ ಮರದ ಪಟ್ಟಿಗಳ ದೊಡ್ಡ ಉರುಳೆಗೆ ಸುತ್ತಿದ. ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದ. ತಿರುಗುವ ಉರುಳೆಗೆ ರಕ್ತ ಸೋರದಂತೆ ಒಳಹೋಗಬೇಕಲ್ಲ, ಅದಕ್ಕೆ ಫೋರ್ಡ್ ಕಾರಿನ ನೀರಿನ ಪಂಪಿನ ಜೋಡಣೆ ನೋಡಿ ಉಪಾಯ ಹೂಡಿದ. ತೊಟ್ಟಿ ಮಾಡಿಕೊಟ್ಟದ್ದು ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯ ಹೆಂಕ್ ಬೆರ್ಕ್. 1943ರಲ್ಲಿ ಮೊದಲ ರೋಗಿ. ಅಲ್ಲಿಂದ ಎರಡೂವರೆ ವರ್ಷ, ಹೆಚ್ಚುಕಡಿಮೆ ಹಚ್ಚಿದವರೆಲ್ಲ ಸತ್ತರು. ಬೇರೆ ಯಾರಾದರೂ ಆಗಿದ್ದರೆ ಉರುಳೆಯನ್ನು ಒಲೆಗೆ ಹಾಕುತ್ತಿದ್ದರೋ ಏನೋ. 1945ರ ಸೆಪ್ಟೆಂಬರಿನಲ್ಲಿ ಹದಿನೇಳನೆಯವಳಾಗಿ ಬಂದ 67 ವರ್ಷದ ಸೋಫಿಯಾ ಶಾಫ್‌ಸ್ಟಾಟ್ ಪ್ರಜ್ಞೆ ತಿಳಿದು ಕಣ್ಣು ಬಿಟ್ಟಳು, ಆಮೇಲೂ ವರ್ಷಗಟ್ಟಲೆ ಬದುಕಿದಳು. ನಾಜಿಗಳ ಪರ ನಿಂತಿದ್ದಳೆಂದು ಜೈಲಿನಲ್ಲಿದ್ದವಳು ಆಕೆ. ಆಕೆಯನ್ನು ಉಳಿಸಬೇಕೇ ಎಂದು ಊರವರು ಗೊಣಗುತ್ತಿದ್ದರೆ ಕೋಲ್ಫ್ ಅದಕ್ಕೆ ಕಿವಿಗೊಡಲಿಲ್ಲ. ಇನ್ನೊಂದು ಸಂಗತಿ ನಮ್ಮ ಕತೆಗೆ ಬೇಕು. ಆಕೆಯದು ಹಳೆಯ ಕಿಡ್ನಿ ಕಾಯಿಲೆಯಲ್ಲ. ಪಿತ್ತಕೋಶದ ಸೋಂಕು, ಅದಕ್ಕೆ ಕೊಟ್ಟ ಸಲ್ಫಾ ಔಷಧಿ, ಆಮೇಲೆ ಮೂತ್ರ ಕಟ್ಟಿದ್ದು. ಡಯಾಲಿಸಿಸ್‌ನಿಂದ ಉಳಿದ ಮೊದಲ ಜೀವವೇ ಹೀಗೆ ಹಠಾತ್ತನೆ ಕಿಡ್ನಿ ನಿಂತ ಸೋಂಕಿನ ರೋಗಿ.

ಯುದ್ಧ ಮುಗಿದ ಮೇಲೆ ಡಯಾಲಿಸಿಸ್ ಜಗತ್ತಿಗೆಲ್ಲ ಹರಡಿತು. ನಮ್ಮ ತಾಲೂಕು ಊರುಗಳಲ್ಲಿ ಈಗ ವಾರಕ್ಕೆ ಎರಡು ಮೂರು ಸಲ ನಾಲ್ಕು ತಾಸು ಕೂತು ಎದ್ದು ಬರುವವರನ್ನು ಎಲ್ಲರೂ ಕಂಡಿದ್ದೇವೆ. ಅವರದು ವರ್ಷಗಟ್ಟಲೆಯ ಕಾಯಿಲೆ, ಆದರೆ ರಕ್ತದೊತ್ತಡ ಗಟ್ಟಿ. ಐಸಿಯುದಲ್ಲಿ ಮಲಗಿದವರ ಪಾಡು ಬೇರೆ. ಎಲ್ಲೋ ಒಂದು ಸೋಂಕು, ನ್ಯುಮೋನಿಯಾ ಇರಬಹುದು, ಕಾಲಿನ ಕೊಳೆತ ಗಾಯ ಇರಬಹುದು, ಬಾಣಂತಿಯ ನಂಜು ಇರಬಹುದು. ಅದನ್ನು ಎದುರಿಸಲು ಹೊರಟ ದೇಹ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದಕ್ಕೆ ಸೆಪ್ಸಿಸ್ ಎನ್ನುತ್ತಾರೆ. ರಕ್ತನಾಳಗಳು ಸಡಿಲವಾಗುತ್ತವೆ, ಒತ್ತಡ ಕುಸಿಯುತ್ತದೆ, ಕಿಡ್ನಿ ನಿಲ್ಲುತ್ತದೆ. ಹೋದ ನೀರು ಹೊರಬಾರದೆ ಮೈ ಊದಿಕೊಳ್ಳುತ್ತದೆ, ಪೊಟ್ಯಾಸಿಯಂ ಏರುತ್ತದೆ, ರಕ್ತ ಹುಳಿಯಾಗುತ್ತದೆ. ಇಂಥವರಿಗೆ ನಾಲ್ಕು ತಾಸಿನಲ್ಲಿ ಎಲ್ಲ ಮುಗಿಸುವ ಡಯಾಲಿಸಿಸ್ ಹಚ್ಚಿದರೆ, ಅಷ್ಟು ಬೇಗ ಮೂರ್ನಾಲ್ಕು ಲೀಟರ್ ನೀರು ಎಳೆದರೆ, ಮೊದಲೇ ಕುಸಿದ ಒತ್ತಡ ಇನ್ನೂ ಕುಸಿಯುತ್ತದೆ. ಹಚ್ಚದಿದ್ದರೆ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸುತ್ತದೆ. 1970ರ ದಶಕದ ಐಸಿಯು ವೈದ್ಯರು ಈ ಎರಡರ ನಡುವೆ ಸಿಕ್ಕಿಕೊಂಡಿದ್ದರು.

ಜರ್ಮನಿಯ ಗಟಿಂಗೆನ್ ಊರಿನ ಪೀಟರ್ ಕ್ರಾಮರ್ ಅವರಲ್ಲಿ ಒಬ್ಬ. ರಕ್ತದಿಂದ ನೀರನ್ನೇ ಒತ್ತಡದಲ್ಲಿ ಹಿಂಡಿ ತೆಗೆದು, ಹೋದ ನೀರಿನ ಬದಲು ಶುದ್ಧ ದ್ರಾವಣ ಸೇರಿಸುವ ಹಿಮೋಫಿಲ್ಟ್ರೇಶನ್ ಎಂಬ ವಿಧಾನ ಆಗಲೇ ಬಂದಿತ್ತು. ಅಮೆರಿಕದ ಲೀ ಹೆಂಡರ್ಸನ್ 1967ರಿಂದಲೇ ಅದರ ಮೇಲೆ ಕೆಲಸ ಮಾಡಿದ್ದ. ಆದರೆ ಅದಕ್ಕೂ ಪಂಪು ಬೇಕು, ಯಂತ್ರ ಬೇಕು, ಯಂತ್ರ ನಡೆಸುವವರು ಬೇಕು. ಕ್ರಾಮರ್ ಒಂದು ದಿನ ರೋಗಿಯ ತೊಡೆಸಂದಿಯಲ್ಲಿ ಅಭಿಧಮನಿಗೆ, ಅಂದರೆ ಹೃದಯದ ಕಡೆ ಮರಳುವ ನಾಳಕ್ಕೆ, ಕೊಳವೆ ಹಾಕಲು ಹೋದ. ಸೂಜಿ ಪಕ್ಕದ ಅಪಧಮನಿಯನ್ನು ಹೊಕ್ಕಿತು. ಇಂಥ ಹೊತ್ತಿನಲ್ಲಿ ಯಾವ ವೈದ್ಯನಾದರೂ ಸೂಜಿ ಹೊರಗೆಳೆದು, ಹತ್ತಿ ಒತ್ತಿ ಹಿಡಿದು, ಮನಸ್ಸಿನಲ್ಲೇ ಬೈದುಕೊಂಡು ಮತ್ತೆ ಶುರು ಮಾಡುತ್ತಾನೆ. ಕ್ರಾಮರನಿಗೆ ಹೊಳೆದದ್ದು ಬೇರೆ. ಈ ನಾಳದಲ್ಲಿ ಹೃದಯವೇ ರಕ್ತವನ್ನು ನೂಕುತ್ತಿದೆ. ಇಲ್ಲಿಂದ ರಕ್ತ ತೆಗೆದು ಫಿಲ್ಟರಿನ ಮೂಲಕ ಹಾಯಿಸಿ ಅಭಿಧಮನಿಗೆ ಬಿಟ್ಟರೆ ಪಂಪು ಯಾಕೆ ಬೇಕು? ಈ ವಿದ್ಯೆಯ ಇತಿಹಾಸ ಬರೆದವರೆಲ್ಲ ಹೇಳುವುದು ಇದನ್ನೇ: ನಿರಂತರ ರಕ್ತಶೋಧನೆ ಹುಟ್ಟಿದ್ದು ದಾರಿ ತಪ್ಪಿದ ಸೂಜಿಯಿಂದ.

ಕ್ರಾಮರ್ ಮತ್ತು ಜೊತೆಗಾರರು 1977ರಲ್ಲಿ ಜರ್ಮನ್ ವೈದ್ಯಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಮೂತ್ರ ಬರಿಸುವ ಔಷಧಿಗೂ ಬಗ್ಗದೆ ಮೈ ನೀರು ತುಂಬಿದವರಿಗೆ ಹೊಸ, ಸರಳ ವಿಧಾನ ಎಂದಷ್ಟೇ ಅವರ ಹೇಳಿಕೆ. ಸರಳವೇ ಹೌದು. ಎರಡು ಕೊಳವೆ, ಅಂಗೈಯಷ್ಟುದ್ದದ ಒಂದು ಫಿಲ್ಟರು, ಕೆಳಗೆ ತೂಗುಬಿಟ್ಟ ಒಂದು ಚೀಲ. ಫಿಲ್ಟರಿನೊಳಗೆ ಕೂದಲಿನಷ್ಟು ಸಣ್ಣ ಟೊಳ್ಳು ನೂಲುಗಳ ಕಟ್ಟು. ರಕ್ತ ನೂಲಿನೊಳಗೆ ಹರಿಯುತ್ತದೆ. ನೂಲಿನ ಗೋಡೆಯ ರಂಧ್ರಗಳಿಂದ ನೀರು, ಯೂರಿಯಾ, ಪೊಟ್ಯಾಸಿಯಂ ಹೊರಗೆ ಜಿನುಗುತ್ತವೆ. ರಕ್ತಕಣಗಳೂ ಅಲ್ಬುಮಿನ್‌ನಂಥ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ಹೀಗೆ ದಿನಕ್ಕೆ ಹತ್ತಾರು ಲೀಟರ್, ನಿಲ್ಲದೆ, ನಿಧಾನಕ್ಕೆ. ನಾಲ್ಕು ತಾಸಿನ ಕೆಲಸ ಇಪ್ಪತ್ನಾಲ್ಕು ತಾಸಿಗೆ ಹಂಚಿಹೋದುದರಿಂದ ಒತ್ತಡ ಕುಸಿಯುವ ಭಯ ಕಡಿಮೆಯಾಯಿತು. ಡಯಾಲಿಸಿಸ್ ಯಂತ್ರ, ತಂತ್ರಜ್ಞ ಯಾವುದೂ ಇಲ್ಲದ ಐಸಿಯುಗಳಲ್ಲೂ ಇದನ್ನು ಹಚ್ಚಬಹುದಿತ್ತು.

ಇದರ ಕೊರತೆ ಗೋಕಾಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಘಟಪ್ರಭೆಯ ನೀರು ಗೋಕಾಕ ಜಲಪಾತದಲ್ಲಿ 52 ಮೀಟರ್ ಧುಮುಕುವ ಬಲದಿಂದಲೇ ಅಲ್ಲಿನ ನೂಲಿನ ಗಿರಣಿ 1887ರ ಸುಮಾರಿಗೆ ತಿರುಗತೊಡಗಿತು. ನೀರಿನ ಬಲವಿದ್ದರೆ ಇದ್ದಿಲು ಬೇಡ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಿರಣಿಯವರಿಗೆ ಚಿಂತೆ. ಕ್ರಾಮರನ ಫಿಲ್ಟರಿಗೂ ಅದೇ ಗತಿ. ಅದನ್ನು ತಿರುಗಿಸುವ ಹೊಳೆ ಎಂದರೆ ರೋಗಿಯ ಹೃದಯ. ಸೆಪ್ಸಿಸ್‌ನಲ್ಲಿ ಮೊದಲು ಸೊರಗುವುದು ಆ ಬಲವೇ. ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಫಿಲ್ಟರು ಕಡಿಮೆ ಸೋಸುತ್ತಿತ್ತು, ಬೇಗ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತಿತ್ತು. ಅಪಧಮನಿಯಲ್ಲಿ ದಿನಗಟ್ಟಲೆ ಕೊಳವೆ ಇಡುವುದರಿಂದ ರಕ್ತಸ್ರಾವ, ಕಾಲಿಗೆ ರಕ್ತ ಸಾಲದಾಗುವುದು, ಇವೂ ಇದ್ದವು.

ಹಾಗಾಗಿ 1980ರ ದಶಕ ಮುಗಿಯುವ ಹೊತ್ತಿಗೆ ಪಂಪು ವಾಪಸು ಬಂತು. ಒಂದೇ ಕೊಳವೆಯಲ್ಲಿ ಎರಡು ದಾರಿ ಇರುವ ಕ್ಯಾಥೆಟರನ್ನು ಅಭಿಧಮನಿಗೆ ಹಾಕಿ, ಒಂದು ದಾರಿಯಿಂದ ರಕ್ತ ಎಳೆದು ಇನ್ನೊಂದರಿಂದ ಮರಳಿಸುವುದು ರೂಢಿಯಾಯಿತು. ಕ್ರಾಮರ್ ತಪ್ಪಿ ಹೊಕ್ಕ ನಾಳವನ್ನು ಬಿಟ್ಟು, ಮೊದಲು ಹೊಗಬೇಕೆಂದಿದ್ದ ನಾಳಕ್ಕೇ ಎಲ್ಲರೂ ಮರಳಿದರು ಎನ್ನಿ. ಉಳಿದದ್ದು ಅವನ ನಿಜವಾದ ಶೋಧ: ಬಿಡುವಿಲ್ಲದೆ, ನಿಧಾನವಾಗಿ ಸೋಸಬೇಕು ಎಂಬುದು. 1990ರ ದಶಕದಲ್ಲಿ ಐಸಿಯುಗೆಂದೇ ಕಟ್ಟಿದ ಯಂತ್ರಗಳು ಬಂದವು. ಇವತ್ತು ಐಸಿಯುದಲ್ಲಿ ಸಿಆರ್‌ಆರ್‌ಟಿ ಎಂದು ಕರೆಯುವುದು ಇದನ್ನೇ.

ಹೆಪ್ಪುಗಟ್ಟುವ ತೊಂದರೆಗೆ ದಾರಿ ತೋರಿದವರಲ್ಲಿ ಭಾರತ ಮೂಲದ ರವೀಂದ್ರ ಮೆಹ್ತಾ ಮುಖ್ಯರು. ಹೆಪಾರಿನ್ ಕೊಟ್ಟರೆ ಫಿಲ್ಟರು ಕಟ್ಟಿಕೊಳ್ಳುವುದಿಲ್ಲ ನಿಜ, ಆದರೆ ರೋಗಿಯ ಇಡೀ ಮೈಯ ರಕ್ತವೇ ತೆಳುವಾಗುತ್ತದೆ. ಈಗಷ್ಟೇ ಆಪರೇಷನ್ ಆದವರಿಗೆ ಅದು ಅಪಾಯ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಮೆಹ್ತಾ ಮತ್ತು ಸಂಗಡಿಗರು ಸ್ಯಾನ್ ಡಿಯಾಗೋದಲ್ಲಿ, ರಕ್ತ ಮೈಯಿಂದ ಹೊರಬಂದ ಕೂಡಲೇ ಸಿಟ್ರೇಟ್ ಬೆರೆಸಿ ಕ್ಯಾಲ್ಸಿಯಂ ಕಟ್ಟಿಹಾಕುವ, ರೋಗಿಗೆ ಬೇರೆ ನಾಳದಿಂದ ಕ್ಯಾಲ್ಸಿಯಂ ಮರಳಿ ಕೊಡುವ ಕ್ರಮವನ್ನು 1990ರಲ್ಲಿ ಪ್ರಕಟಿಸಿದರು. ರಕ್ತನಿಧಿಯ ಚೀಲಗಳಲ್ಲಿ ರಕ್ತ ಹೆಪ್ಪುಗಟ್ಟದಿರುವುದೂ ಸಿಟ್ರೇಟಿನಿಂದಲೇ. ಹೀಗೆ ಫಿಲ್ಟರಿನೊಳಗೆ ಮಾತ್ರ ರಕ್ತ ತೆಳು, ಮೈಯೊಳಗೆ ಎಂದಿನಂತೆ. ನನಗೆ ಕೇಳಿದರೆ ಈ ಇಡೀ ಕತೆಯಲ್ಲಿ ಅತ್ಯಂತ ಚೆಲುವಾದ ಬುದ್ಧಿವಂತಿಕೆ ಇದು.

ಇಲ್ಲಿಂದ ಎರಡನೆಯ ಕತೆ.

ಸೆಪ್ಸಿಸ್‌ನಲ್ಲಿ ರೋಗಿಯನ್ನು ಕೊಲ್ಲುವುದು ಬರೀ ರೋಗಾಣುವಲ್ಲ, ದೇಹ ತಾನೇ ಸುರಿಸುವ ಸೈಟೊಕೈನ್ ಎಂಬ ರಾಸಾಯನಿಕಗಳೂ ಹೌದು ಎಂದು ಆಗ ತಿಳಿದಿತ್ತು. ಅವುಗಳಲ್ಲಿ ಹಲವು ಅಲ್ಬುಮಿನ್‌ಗಿಂತ ಸಣ್ಣವು, ಫಿಲ್ಟರಿನ ರಂಧ್ರದಲ್ಲಿ ನುಸುಳಬಲ್ಲವು. ಅಂದಮೇಲೆ ಜೋರಾಗಿ ಸೋಸಿದರೆ ನಂಜೇ ಹೊರಬರಬೇಕಲ್ಲವೇ? ತರ್ಕ ಎಷ್ಟು ಸಲೀಸಾಗಿತ್ತೆಂದರೆ ಅದನ್ನು ಸಂಶಯಿಸುವವರೇ ಕಡಿಮೆ. 2000ದಲ್ಲಿ ಇಟಲಿಯ ವಿಚೆಂಜಾ ಊರಿನ ಕ್ಲಾಡಿಯೋ ರೊಂಕೊ ಲ್ಯಾನ್ಸೆಟ್ ಪತ್ರಿಕೆಯಲ್ಲಿ 425 ರೋಗಿಗಳ ಅಧ್ಯಯನ ಪ್ರಕಟಿಸಿದರು. ದೇಹದ ಪ್ರತಿ ಕಿಲೋಗೆ ತಾಸಿಗೆ 20 ಮಿಲಿಲೀಟರ್ ಸೋಸಿದವರಲ್ಲಿ ಉಳಿದವರು ನೂರಕ್ಕೆ 41. ಅದನ್ನು 35ಕ್ಕೆ ಏರಿಸಿದಾಗ 57, 45ಕ್ಕೆ ಏರಿಸಿದಾಗ 58. ಲೋಕದ ಐಸಿಯುಗಳೆಲ್ಲ ಯಂತ್ರದ ವೇಗ ಏರಿಸಿದವು.

ಆದರೆ ಅದು ಒಂದೇ ಕೇಂದ್ರದ ಅಧ್ಯಯನ. ಅಮೆರಿಕದವರು 1124 ರೋಗಿಗಳನ್ನು ತೆಗೆದುಕೊಂಡು ಮತ್ತೆ ನೋಡಿದರು, 2008. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು 1508 ಮಂದಿಯನ್ನು ತೆಗೆದುಕೊಂಡು 25 ಮತ್ತು 40ರ ನಡುವೆ ಹೋಲಿಸಿದರು, 2009. ತೊಂಬತ್ತು ದಿನಗಳಲ್ಲಿ ಸತ್ತವರು ಎರಡೂ ಗುಂಪಿನಲ್ಲಿ ನೂರಕ್ಕೆ 44.7. ಚುಕ್ಕೆಯ ಮುಂದಿನ ಅಂಕಿಯೂ ಒಂದೇ. ಇನ್ನೂ ಹಟ ಬಿಡದವರು ಸೆಪ್ಸಿಸ್ ಆಘಾತದ 140 ರೋಗಿಗಳಲ್ಲಿ 35ರ ಬದಲು 70ರ ವೇಗದಲ್ಲಿ ಸೋಸಿ ನೋಡಿದರು, 2013. ಫಲ ಅಷ್ಟೇ. ಬ್ಯಾಕ್ಟೀರಿಯಾದ ವಿಷವನ್ನೇ ಹಿಡಿದಿಡುವ ಪಾಲಿಮಿಕ್ಸಿನ್ ಲೇಪಿಸಿದ ಜಪಾನಿನ ಫಿಲ್ಟರು ಇಟಲಿಯ 64 ರೋಗಿಗಳಲ್ಲಿ ದೊಡ್ಡ ಆಸೆ ಹುಟ್ಟಿಸಿತು. 2018ರಲ್ಲಿ 450 ರೋಗಿಗಳ ಪರೀಕ್ಷೆಯಲ್ಲಿ ಆ ಆಸೆ ಉಳಿಯಲಿಲ್ಲ. ಕೋವಿಡ್ ಕಾಲದಲ್ಲಿ ಸೈಟೊಕೈನ್ ಹೀರುವ ಫಿಲ್ಟರುಗಳಿಗೆ ಮತ್ತೆ ಬೇಡಿಕೆ ಬಂತು. ಜರ್ಮನಿಯ ಫ್ರೈಬುರ್ಗ್‌ನಲ್ಲಿ, ಮೈಹೊರಗೇ ರಕ್ತಕ್ಕೆ ಆಮ್ಲಜನಕ ಬೆರೆಸುವ ಎಕ್ಮೊ ಯಂತ್ರದ ಮೇಲಿದ್ದ 34 ಕೋವಿಡ್ ರೋಗಿಗಳನ್ನು ಅರ್ಧರ್ಧ ಮಾಡಿ ಪರೀಕ್ಷಿಸಿದರು. ಅಂಥ ಫಿಲ್ಟರು ಹಚ್ಚಿದ 17 ಮಂದಿಯಲ್ಲಿ ಮೂವತ್ತು ದಿನದ ಮೇಲೆ ಉಳಿದದ್ದು ಮೂವರು, ಹಚ್ಚದ 17ರಲ್ಲಿ ಹದಿಮೂವರು. ಪರೀಕ್ಷೆ ಚಿಕ್ಕದು, ಅದರಿಂದ ಎಲ್ಲ ತೀರ್ಮಾನವಾಗದು. ಆದರೆ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲ ಎಂದು ಯಂತ್ರ ಹಚ್ಚುವವರು ಇದನ್ನೊಮ್ಮೆ ನೆನೆಯಬೇಕು.

ತರ್ಕ ಎಲ್ಲಿ ಕೈಕೊಟ್ಟಿತು? ಸೈಟೊಕೈನುಗಳು ಕ್ಷಣಕ್ಷಣಕ್ಕೂ ಅಂಗಾಂಗಗಳಲ್ಲಿ ಹುಟ್ಟುತ್ತಲೇ ಇರುತ್ತವೆ. ರಕ್ತದಲ್ಲಿ ತೇಲುವುದು ಅದರ ಒಂದು ಪಾಲು ಮಾತ್ರ. ಅವುಗಳಲ್ಲಿ ಉರಿ ಹೆಚ್ಚಿಸುವವೂ ಇವೆ, ಆರಿಸುವವೂ ಇವೆ. ಫಿಲ್ಟರಿಗೆ ಅವುಗಳ ಗುಣ ತಿಳಿಯದು, ಗಾತ್ರ ಮಾತ್ರ ತಿಳಿಯುತ್ತದೆ. ಇನ್ನೊಂದು ಕಡೆ ಜೋರಾಗಿ ಸೋಸಿದಷ್ಟೂ ರೋಗಿಗೆ ಕೊಟ್ಟ ಆಂಟಿಬಯೋಟಿಕ್ಕೂ ಸೋಸಿಹೋಗುತ್ತದೆ, ರಂಜಕಾಂಶ ಇಳಿಯುತ್ತದೆ. ಹೊರಗೆ ಸುತ್ತಿಬಂದ ರಕ್ತ ತಣ್ಣಗಾಗುವುದರಿಂದ ಜ್ವರವೂ ಮರೆಯಾಗುತ್ತದೆ; ಚಾರ್ಟು ನೋಡಿ ಜ್ವರ ಇಳಿಯಿತೆಂದು ಹಿಗ್ಗುವಂತಿಲ್ಲ. ಈಗ ಎಲ್ಲೆಡೆ ಒಪ್ಪಿರುವ ಪ್ರಮಾಣ ತಾಸಿಗೆ ಕಿಲೋಗೆ 20ರಿಂದ 25 ಮಿಲಿಲೀಟರ್. ಅರವತ್ತು ಕಿಲೋದವರಿಗೆ 25ರ ಲೆಕ್ಕದಲ್ಲಿ ದಿನಕ್ಕೆ 36 ಲೀಟರ್, ಅಂದರೆ ಐದು ಲೀಟರಿನ ಏಳು ಚೀಲ ದ್ರಾವಣ ಮುಗಿದು ಎಂಟನೆಯದು ಶುರು.

ಯಾವಾಗ ಹಚ್ಚಬೇಕು ಎಂಬುದರಲ್ಲೂ ಹೀಗೇ ಆಯಿತು. ಬೇಗ ಹಚ್ಚಿದರೆ ಲೇಸು ಎಂದು ಬಹುಕಾಲ ನಂಬಿದ್ದರು. ಫ್ರಾನ್ಸಿನವರು 2016ರಲ್ಲಿ 620 ರೋಗಿಗಳಲ್ಲಿ ಕಾದು ನೋಡಿದಾಗ, ಕಾಯಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಯಂತ್ರವೇ ಬೇಕಾಗಲಿಲ್ಲ. ಕಿಡ್ನಿ ತಾನೇ ಎಚ್ಚರಗೊಂಡಿತ್ತು. 2020ರಲ್ಲಿ 15 ದೇಶಗಳ ಸುಮಾರು ಮೂರು ಸಾವಿರ ರೋಗಿಗಳ ಅಧ್ಯಯನವೂ ಆತುರದಿಂದ ಜೀವ ಹೆಚ್ಚು ಉಳಿಯುವುದಿಲ್ಲ ಎಂದೇ ಹೇಳಿತು. ಪೊಟ್ಯಾಸಿಯಂ ಕೈಮೀರಿದರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ, ರಕ್ತದ ಹುಳಿ ಇಳಿಯದಿದ್ದರೆ ಕಾಯುವ ಮಾತಿಲ್ಲ. ಅವಿಲ್ಲದಿದ್ದರೆ ವೈದ್ಯರು ‘ಇನ್ನೊಂದು ದಿನ ನೋಡೋಣ’ ಎನ್ನುವುದು ಕೈಚೆಲ್ಲಿದ ಮಾತಲ್ಲ, ಉದಾಸೀನವೂ ಅಲ್ಲ. ಇದನ್ನು ಐಸಿಯು ಬಾಗಿಲಲ್ಲಿ ನಿಂತ ನೆಂಟರಿಗೆ ಯಾರಾದರೂ ಕೂತು ತಿಳಿಸಿ ಹೇಳಿದರೆ ಎಷ್ಟೋ ಜಗಳ ತಪ್ಪುತ್ತದೆ.

ಹಾಗಾದರೆ ಆ ಯಂತ್ರ ಮಾಡುವುದೇನು? ಕಾಲ ಕೊಡುತ್ತದೆ. ಆಂಟಿಬಯೋಟಿಕ್ ಕೆಲಸ ಮಾಡುವ ತನಕ, ಕೀವು ತೆಗೆಯುವ ತನಕ, ಕಿಡ್ನಿ ಚೇತರಿಸುವ ತನಕ ರಕ್ತದ ಹದ ಕಾಯುತ್ತದೆ. ಇದು ಸಣ್ಣ ಮಾತಲ್ಲ. ಆಸ್ಟ್ರೇಲಿಯಾದ ಆ ಅಧ್ಯಯನದಲ್ಲಿ ಬದುಕಿದವರ ಪೈಕಿ ತೊಂಬತ್ತು ದಿನದ ಮೇಲೂ ಯಂತ್ರ ಬೇಕಾದವರು ನೂರಕ್ಕೆ ಐದಾರು ಮಂದಿ ಅಷ್ಟೇ. ‘ಒಮ್ಮೆ ಹಚ್ಚಿದರೆ ಜೀವಮಾನವಿಡೀ ಹಚ್ಚಬೇಕು’ ಎಂಬ ಹೆದರಿಕೆಯಿಂದ ಸಹಿ ಹಾಕದೆ ರೋಗಿಯನ್ನು ಮನೆಗೆ ಒಯ್ಯುವವರಿಗೆ ಈ ಅಂಕಿ ಗೊತ್ತಿರಬೇಕು.

ದುಡ್ಡಿನ ಮಾತು ಬಿಡುವಂತಿಲ್ಲ. ಬಿಡುವಿಲ್ಲದ ಈ ಶೋಧನೆಗೆ ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಫಿಲ್ಟರು ಎರಡು ಮೂರು ದಿನಕ್ಕೊಮ್ಮೆ ಬದಲಾಗಬೇಕು, ಹಾಸಿಗೆಯ ಪಕ್ಕ ನುರಿತ ನರ್ಸ್ ಹಗಲುರಾತ್ರಿ ಇರಬೇಕು, ಕರೆಂಟು ಹೋಗಬಾರದು. 1969ರಿಂದ ತಮ್ಮದೇ ಸಹಕಾರ ಸಂಘದಿಂದ ವಿದ್ಯುತ್ ಹಂಚಿಕೊಳ್ಳುತ್ತಿರುವ ಹುಕ್ಕೇರಿಯವರಿಗೂ ಇಪ್ಪತ್ನಾಲ್ಕು ತಾಸಿನ ಕರೆಂಟು ಎಂದರೆ ಏನೆಂದು ಗೊತ್ತು. ಆದರೆ ಈ ದುಬಾರಿ ಯಂತ್ರವಿಲ್ಲದ ಆಸ್ಪತ್ರೆ ಕೈಲಾಗದ ಆಸ್ಪತ್ರೆಯಲ್ಲ. ಫ್ರಾನ್ಸಿನಲ್ಲಿ 360 ರೋಗಿಗಳಿಗೆ ಸಾಮಾನ್ಯ ಡಯಾಲಿಸಿಸ್ ಮತ್ತು ನಿರಂತರ ಶೋಧನೆ ಎರಡನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದಾಗ ಅರವತ್ತು ದಿನ ಬದುಕಿದವರು ಒಂದರಲ್ಲಿ ನೂರಕ್ಕೆ 32, ಇನ್ನೊಂದರಲ್ಲಿ 33. ಸಾಮಾನ್ಯ ಡಯಾಲಿಸಿಸ್ ಯಂತ್ರವನ್ನೇ ವೇಗ ತಗ್ಗಿಸಿ ಎಂಟು ಹತ್ತು ತಾಸು ನಡೆಸುವ ‘ಸ್ಲೆಡ್’ ಎಂಬ ನಡುದಾರಿಯೂ ಇದೆ. ಹೈಡೆಲ್‌ಬರ್ಗ್‌ನಲ್ಲಿ 232 ರೋಗಿಗಳ ಪರೀಕ್ಷೆಯಲ್ಲಿ ಅದು ನಿರಂತರ ಶೋಧನೆಗೆ ಸಮವಾಗಿ ನಿಂತಿತು, ಖರ್ಚು ಕಡಿಮೆ. ಜಿಲ್ಲೆ, ತಾಲೂಕುಗಳಲ್ಲಿ ಡಯಾಲಿಸಿಸ್ ಯಂತ್ರ ಆಗಲೇ ಇರುವ ಆಸ್ಪತ್ರೆಗಳಿಗೆ, ಜೊತೆಗೆ ಐಸಿಯು ಮತ್ತು ತಿಳಿದ ವೈದ್ಯರಿದ್ದರೆ, ಇದು ಕೈಗೆಟಕುವ ದಾರಿ. ನನ್ನ ಮಟ್ಟಿಗೆ ಬೆಳಗಾವಿ ಜಿಲ್ಲೆಗೆ ಇನ್ನೂ ನಾಲ್ಕು ಸಿಆರ್‌ಆರ್‌ಟಿ ಯಂತ್ರ ಬರುವುದಕ್ಕಿಂತ ಸ್ಲೆಡ್ ಮಾಡಬಲ್ಲ ನಾಲ್ಕು ತಂಡ ತಯಾರಾಗುವುದು ಮೇಲು.

ನಮ್ಮ ಸೀಮೆಯಲ್ಲಿ ಕಿಡ್ನಿ ಹಠಾತ್ತನೆ ನಿಲ್ಲುವುದಕ್ಕೆ ಸೋಂಕೊಂದೇ ಕಾರಣವಲ್ಲ. ಕಬ್ಬಿನ ಗದ್ದೆಗೆ ರಾತ್ರಿ ನೀರು ಹಾಯಿಸಲು ಹೋದವರಿಗೆ ಕೊಳಕುಮಂಡಲ ಕಚ್ಚುತ್ತದೆ; ಅದರ ವಿಷ ರಕ್ತದ ಹೆಪ್ಪುಗಟ್ಟುವಿಕೆ ಕೆಡಿಸಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಹಾವಿನ ವಿಷದಿಂದ ಕಿಡ್ನಿಗೆ ಆಗುವ ಹಾನಿಯನ್ನು ಚಂಡೀಗಢದ ಡಾ. ಕಿರ್ಪಾಲ್ ಸಿಂಗ್ ಛುಗ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ವಿವರಿಸಿದ್ದರು. ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು 2024ರಲ್ಲಿ. ಗದ್ದೆಯ ಕೆಸರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಇನ್ನೊಂದು. ವಾಂತಿ ಭೇದಿಯಲ್ಲಿ ನೀರು ಕಳೆದುಕೊಂಡವರಿಗೆ ನೋವಿನ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿ ಕಳಿಸುವುದು ಮತ್ತೊಂದು. ಮೆಹ್ತಾ ಅವರೇ ಮುಂದೆ ನಿಂತು, ತಡೆಯಬಹುದಾದ ಇಂಥ ಸಾವುಗಳು 2025ರ ಹೊತ್ತಿಗೆ ಸೊನ್ನೆಗೆ ಇಳಿಯಬೇಕೆಂದು ಅಂತರರಾಷ್ಟ್ರೀಯ ಕಿಡ್ನಿ ಸಂಘಟನೆಯ ಮೂಲಕ ಗುರಿ ಇಟ್ಟಿದ್ದರು. ವರ್ಷ ಬಂತು, ಹೋಯಿತು, ಸೊನ್ನೆ ಬರಲಿಲ್ಲ.

ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದು, ಉಸಿರು ವೇಗವಾಗಿ, ಮಾತು ತೊದಲಿದರೆ, ಅಥವಾ ಹಾವು ಕಚ್ಚಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಬೆಳಗಾವಿಯ ಯಂತ್ರ ಒಂದೂವರೆ ಎರಡು ತಾಸಿನ ದಾರಿ. ಆಂಟಿಬಯೋಟಿಕ್, ಸಲೈನ್, ಹಾವಿನ ವಿಷಕ್ಕೆ ಮದ್ದು ತಾಲೂಕು ದವಾಖಾನೆಯಲ್ಲೇ ಶುರುವಾಗಬೇಕು. ಒಬ್ಬರು ಮೂತ್ರದ ಲೆಕ್ಕ ಇಡಿ. ಅರವತ್ತು ಕಿಲೋ ತೂಕದವರಿಗೆ ಆರು ತಾಸಿನಲ್ಲಿ 180 ಮಿಲಿಲೀಟರಿಗಿಂತ ಕಡಿಮೆ, ಅಂದರೆ ಒಂದು ಲೋಟವೂ ತುಂಬದಷ್ಟು ಬಂದಿದ್ದರೆ, ಡಾಕ್ಟರು ಕೇಳುವ ಮೊದಲೇ ಆ ಮಾತು ಅವರಿಗೆ ಹೇಳಿ.